ಕೌದಿಯ ಲೆಕ್ಕ

ಇದುವರೆಗೆ ನಾವು ಎಷ್ಟು ಕೌದಿ ಹೊಲಿದಿದ್ದೀವಿ? ಮಗಳ ಬಾಣಂತನಕ್ಕೆ ಒಂದು, ಮೊಮ್ಮಗನ ತೊಟ್ಟಿಲಿಗೆ ಒಂದು. ಉಳಿದವು ನೆನಪಿಲ್ಲ. ಆಗ ಬರೆದಿಡೋಕೆ ಅಕ್ಷರ ಬರುತ್ತಿರಲಿಲ್ಲ. ಈಗ ಬರುತ್ತೆ.

ಒಂದು ಸೀರೆ ಸುಮಾರು 18 ಅಡಿ ಉದ್ದ. ಮೂರು ಮಡಿಕೆ ಮಾಡಿದರೆ 6 ಅಡಿ. ಎರಡು ಹಳೇ ನೂಲಿನ ಸೀರೆ ಹೀಗೆ ಮಡಿಸಿ ಒಂದರ ಮೇಲೊಂದು ಹಾಸಿದರೆ ಆರು ಪದರ. ಒಬ್ಬರು ಹೊದೆಯೋಕೆ ಸಾಕು. ನೈಲಾನ್ ಸೀರೆ ಬೇಡ. ಜಾರುತ್ತೆ, ಬೆವರು ಹೀರಲ್ಲ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿಗೆ 'ಕವಂದ್' ಅಂತಾರೆ. ಅಂಚಿನಿಂದ ಹಿಡಿದು ನಡುವಿಗೆ ಹೊಲಿಯುತ್ತಾ ಬರ್ತಾರೆ. ಮೂಲೆಗೆ 'ಫೂಲ' ಅನ್ನೋ ಮಡಿಚಿದ ತುಂಡು ಇಡದೆ ಅವರ ಕೆಲಸ ಮುಗಿಯಲ್ಲ. ಆ ಕೌದಿಗಳನ್ನು ಅಮೆರಿಕದಲ್ಲೂ ಪ್ರದರ್ಶನಕ್ಕೆ ಇಟ್ಟಿದ್ದರು!

ನಮ್ಮ ಐಮಂಗಲದ ಕೌದಿಯನ್ನೂ ಮಾರಬಹುದಲ್ಲ? ಮಾರಬಹುದು. ಆದರೆ ಬೆಲೆ ಹೇಳೋರು ಯಾರು?

ದಿನಕ್ಕೆ 2 ಗಂಟೆಯಂತೆ 30 ದಿನ ಹೊಲಿದೆವು ಅನ್ನಿ. ಒಟ್ಟು 60 ಗಂಟೆ. ಯಾರೋ 900 ರೂಪಾಯಿಗೆ ಕೇಳಿದರು. ಗಂಟೆಗೆ 15 ರೂಪಾಯಿ ಬಿತ್ತು. 8 ಗಂಟೆಗೆ 120. ದಾರದ ದುಡ್ಡು ಇನ್ನೂ ಕಳೆದಿಲ್ಲ. 2024ರಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. "ಹಳೇ ಬಟ್ಟೆ ತಾನೇ" ಅನ್ನೋರಿಗೆ ಈ ಲೆಕ್ಕ ತೋರಿಸಬೇಕು.

ಮುಂದಿನ ಯುಗಾದಿಯೊಳಗೆ ಎರಡು ಕೌದಿ ಹೊಲಿಯೋಣ ಅಂತಿದ್ದೀವಿ. ಒಂದು ಮನೆಗೆ, ಒಂದು ಮಾರೋಕೆ. ನೀವು? ಕೆಳಗೆ ಬರೆಯಿರಿ, ಅಕ್ಕ:

ಶುರು ಮಾಡಿದ ದಿನ ........
ಹೊಲಿದ ಗಂಟೆ ........
ದಾರದ ಖರ್ಚು ........
ನಾನು ಹೇಳುವ ಬೆಲೆ ........