ಉಪೆಕ್ಖಾ ಎಂದರೆ ಉಪೇಕ್ಷೆಯಲ್ಲ



ಹತ್ತು ಪಾರಮಿಗಳಲ್ಲಿ ಇವತ್ತು ಕೊನೆಯದು, ಉಪೆಕ್ಖಾ. ಕನ್ನಡ ಬಲ್ಲವರಿಗೆ ಈ ಪದವೇ ತೊಡಕು. ನಮ್ಮಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸುವುದು, ತಾತ್ಸಾರ. ಪಾಳಿಯ ಪದದ ಮೂಲದಲ್ಲಿರುವುದು ನೋಡುವ ಕ್ರಿಯೆ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇದನ್ನು ಉದಾಸೀನದಿಂದ ಬೇರೆ ಮಾಡಿಯೇ ವಿವರಿಸಿದ್ದಾರೆ. ಫಲ ಏನಾದರೂ ಮನಸ್ಸು ಅಲುಗಬಾರದು, ಆದರೆ ಹಿಡಿದ ಕೆಲಸ ಕೈಬಿಡಬಾರದು.

ಮಗ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೆಲಸ ತಪ್ಪಿಸಿಕೊಂಡರೆ ‘ಬಿಡಪ್ಪ, ಉಪೆಕ್ಖಾ ಇಟ್ಕೋ’ ಅನ್ನುವುದನ್ನು ನಮ್ಮವರಲ್ಲೇ ಕೇಳಿದ್ದೇನೆ. ಹಳೆಯ ಹಣೆಬರಹವನ್ನೇ ಪಾಳಿಯಲ್ಲಿ ಹೇಳಿದಂತಾಯಿತು.

ಅಮೆರಿಕದ ಬೇಸ್‌ಬಾಲ್‌ನ ಒಂದು ಪಂದ್ಯ ನೋಡೋಣ. 1951ರ ಸೆಪ್ಟೆಂಬರ್ 30, ಲೀಗ್‌ನ ಕೊನೆಯ ಭಾನುವಾರ. (ಅದಕ್ಕೆ ಮೂರು ದಿನ ಮುಂಚೆಯಷ್ಟೇ ಬಾಬಾಸಾಹೇಬರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಬರೆದಿದ್ದರು. ಎರಡಕ್ಕೂ ಸಂಬಂಧವಿಲ್ಲ, ತಾರೀಖು ಕಣ್ಣಿಗೆ ಬಿತ್ತು ಅಷ್ಟೆ.) ಆಗಸ್ಟ್‌ನಲ್ಲಿ ಹದಿಮೂರಕ್ಕೂ ಹೆಚ್ಚು ಆಟಗಳಷ್ಟು ಮುಂದಿದ್ದ ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು ನ್ಯೂಯಾರ್ಕ್ ಜಯಂಟ್ಸ್ ಸರಿಗಟ್ಟಿತ್ತು. ಡಾಡ್ಜರ್ಸ್ ಆಡುತ್ತಿದ್ದುದು ಫಿಲಡೆಲ್ಫಿಯಾದಲ್ಲಿ. ಬಿಳಿಯರಷ್ಟೇ ಆಡುತ್ತಿದ್ದ ದೊಡ್ಡ ಲೀಗ್‌ಗೆ 1947ರಲ್ಲಿ ಕಾಲಿಟ್ಟ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಆ ತಂಡದಲ್ಲಿದ್ದರು. ಮೊದಲ ವರ್ಷವೇ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಅವರನ್ನು ಬಣ್ಣ ಹಿಡಿದು ಬೈದಿದ್ದ, ಆ ಊರಿನ ಹೋಟೆಲ್ ಡಾಡ್ಜರ್ಸ್‌ಗೆ ಕೋಣೆ ಕೊಟ್ಟಿರಲಿಲ್ಲ. ಆ ನಗರದ ಕೌನ್ಸಿಲ್ ಕ್ಷಮೆ ಕೇಳಿದ್ದು 2016ರಲ್ಲಿ. ಆಗ ರಾಬಿನ್‌ಸನ್ ತೀರಿಕೊಂಡು ನಲವತ್ತಕ್ಕೂ ಹೆಚ್ಚು ವರ್ಷ ಆಗಿತ್ತು.

ಆ ಭಾನುವಾರ ಡಾಡ್ಜರ್ಸ್ ಶುರುವಿನಲ್ಲೇ 6–1ರಿಂದ ಹಿಂದೆ ಬಿತ್ತು. ಜಯಂಟ್ಸ್ ಬಾಸ್ಟನ್‌ನಲ್ಲಿ ಗೆದ್ದ ಸುದ್ದಿಯೂ ಬಂತು. ಸೋತರೆ ವರ್ಷವೇ ಮುಗಿಯಿತು. ಎಂಟನೇ ಇನ್ನಿಂಗ್ಸ್‌ನಲ್ಲಿ ಹೇಗೋ 8–8 ಆಯಿತು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್, ಸಮ ಆದರೆ ಆಟ ಮುಂದುವರಿಯುತ್ತದೆ. ಹನ್ನೆರಡನೆಯದರಲ್ಲಿ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದರು, ಒಂದು ರನ್ ಬಂದರೆ ಸಾಕು. ಎಡ್ಡಿ ವೇಟ್ಕಸ್ ಹೊಡೆದ ಚೆಂಡು ನೆಲಮಟ್ಟದಲ್ಲಿ ನುಗ್ಗಿ ಬಂತು. ರಾಬಿನ್‌ಸನ್ ಅಡ್ಡ ಬಿದ್ದು ಹಿಡಿದರು. ತಮ್ಮದೇ ಮೊಣಕೈ ಹೊಟ್ಟೆಗೆ ಗುದ್ದಿ ಸ್ವಲ್ಪ ಹೊತ್ತು ಏಳಲಾಗಲಿಲ್ಲ. ಹದಿನಾಲ್ಕನೆಯದರಲ್ಲಿ, ಇಬ್ಬರು ಔಟಾದ ಮೇಲೆ, ರಾಬಿನ್ ರಾಬರ್ಟ್ಸ್ ಎಸೆದ ಚೆಂಡನ್ನು ಅವರೇ ಗೋಡೆಯಾಚೆ ಹೊಡೆದರು. 9–8.

ಭಾಷಣಕಾರರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಇಲ್ಲಿಯವರೆಗೆ ಇರುವುದು ವೀರ್ಯ ಪಾರಮಿ. ಉಪೆಕ್ಖಾ ಇನ್ನೂ ಬಂದಿಲ್ಲ.

ಸಮಬಲದ ಎರಡು ತಂಡಗಳು ಮತ್ತೆ ಮೂರು ಪಂದ್ಯ ಆಡಿದವು. ಅಕ್ಟೋಬರ್ 3ರ ಕೊನೆಯ ಪಂದ್ಯದ ಕೊನೆಯ ಇನ್ನಿಂಗ್ಸ್‌ಗೆ ಬರುವಾಗ ಡಾಡ್ಜರ್ಸ್ 4–1ರಿಂದ ಮುಂದಿತ್ತು. ಬಾಬಿ ಥಾಮ್ಸನ್ ಒಂದೇ ಹೊಡೆತಕ್ಕೆ ಮೂರು ರನ್ ತಂದರು. ಜಯಂಟ್ಸ್ 5–4ರಿಂದ ಗೆದ್ದಿತು. ಜಯಂಟ್ಸ್‌ನವರು ಆ ವರ್ಷ ದೂರದರ್ಶಕ ಇಟ್ಟು ಎದುರಾಳಿಗಳ ಸನ್ನೆ ಕದಿಯುತ್ತಿದ್ದರೆಂದು ಪತ್ರಿಕೆಯಲ್ಲಿ ಬಿಡಿಸಿ ಬರೆದದ್ದು 2001ರಲ್ಲಿ.

ಚೆಂಡು ಆಚೆ ಹೋದರೂ ಹೊಡೆದವನು ಓಡಿ ಪ್ರತಿ ಬೇಸನ್ನೂ ಕಾಲಲ್ಲಿ ಮುಟ್ಟಬೇಕು, ತಪ್ಪಿದರೆ ಔಟ್ ಕೇಳಬಹುದು. ಡಾಡ್ಜರ್ಸ್‌ನ ಉಳಿದವರು ತಲೆ ತಗ್ಗಿಸಿ ಹೊರಟರು. ಜನ ಮೈದಾನಕ್ಕೆ ನುಗ್ಗುತ್ತಿದ್ದರು. ರಾಬಿನ್‌ಸನ್ ಮಾತ್ರ ನಿಂತಲ್ಲೇ ನಿಂತು ಥಾಮ್ಸನ್‌ನ ಪಾದಗಳನ್ನೇ ನೋಡುತ್ತಿದ್ದರು, ಒಂದೊಂದು ಬೇಸ್ ಮುಟ್ಟಿದನೋ ಇಲ್ಲವೋ ಎಂದು. ಎಲ್ಲವನ್ನೂ ಮುಟ್ಟಿದ ಮೇಲೆಯೇ ಮೈದಾನ ಬಿಟ್ಟರು.

ನನ್ನ ತಿಳಿವಳಿಕೆಯಲ್ಲಿ ಉಪೆಕ್ಖಾ ಅಂದರೆ ಆ ನೋಟ. ದುಃಖ ಇರಲಿಲ್ಲ ಅನ್ನಲಾರೆ. ದುಃಖ ಕಣ್ಣಿಗೆ ಅಡ್ಡ ಬರಲಿಲ್ಲ.

ಭಾನುವಾರದ ಅಧ್ಯಯನಕ್ಕೆ ಬರುವವರು ಪಾರಮಿಗಳ ಭಾಗ ಓದಿಕೊಂಡು ಬನ್ನಿ. ವೀರ್ಯ, ಉಪೆಕ್ಖಾ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ.