ಬೇಟೆನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವ ಮುನ್ನ
(ಓದುಗರ ಪತ್ರಗಳಿಗೆ ಪಶುವೈದ್ಯರ ಉತ್ತರ)

ಪ್ರಶ್ನೆ: ಅಮೆರಿಕದ ಕೊಲರಾಡೊದಾಗ ಇರೋ ನನ್ನ ಗೆಳೆಯ ಡಿಸೆಂಬರ್ ಸೂಟಿಗೆ ಊರಿಗೆ ಬರಾಕತ್ತಾನ. ಅಲ್ಲಿ ಅವ ಲೈಸೆನ್ಸ್ ತಗೊಂಡು, ಡೇರೆ ಹೊತ್ಕೊಂಡು, ಸರ್ಕಾರಿ ಗುಡ್ಡದಾಗ ನಾಕೈದು ದಿನ ಎಲ್ಕ್ ಅನ್ನೋ ದೊಡ್ಡ ಜಿಂಕಿ ಬೇಟೆಗೆ ಹೋಗ್ತಾನ. ನನ್ನ ಹತ್ರ ಎರಡು ಮುಧೋಳ ನಾಯಿ ಅದಾವ. ಬೀಳಗಿ ಕಡೆ ಗುಡ್ಡದಾಗ ಎರಡು ರಾತ್ರಿ ಇದ್ದು ಮೊಲ ಹಿಡೀಬೇಕಂತ ಮಾಡೀವಿ. ಬಂದೂಕ ಒಯ್ಯೂದಿಲ್ಲ. ಪರವಾನಗಿ ಯಾರ ಕಡೆ ತಗೋಬೇಕು?
– ಓದುಗರು, ರಬಕವಿ

ಉತ್ತರ: ಅಂಥ ಪರವಾನಗಿಯೇ ಇಲ್ಲ. ದಯವಿಟ್ಟು ಈ ಯೋಜನೆ ಕೈಬಿಡಿ.

ಬಂದೂಕು ಇಲ್ಲದಿದ್ದರೆ ಅದು ಬೇಟೆಯಲ್ಲ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಕೊಲ್ಲುವುದು, ಹಿಡಿಯುವುದು, ಉರುಲು ಹಾಕುವುದು, ಬೆನ್ನಟ್ಟಿಸುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ನಾಯಿಯ ಹಗ್ಗ ಬಿಚ್ಚಿ ಮೊಲದ ಹಿಂದೆ ಬಿಟ್ಟ ಗಳಿಗೆಗೇ ಅಪರಾಧ ಆಗಿಹೋಯಿತು. ಮೊಲ ಸಿಕ್ಕಿತೋ ತಪ್ಪಿಸಿಕೊಂಡಿತೋ ಯಾರೂ ಕೇಳುವುದಿಲ್ಲ. ಅದರ ಮೇಲೆ, ನೀವು ಹೇಳುವ ಬೀಳಗಿ–ಮುಧೋಳ ಸೀಮೆಯ ಗುಡ್ಡಗಳಲ್ಲೇ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. 2016ರಲ್ಲಿ ಘೋಷಣೆಯಾಯಿತು, ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಧಾಮದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಜೊತೆಗೆ ದಂಡ, ಒಯ್ದ ಗಾಡಿಯೂ ಹೋಗುತ್ತದೆ.

ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. ಅಲ್ಲಿ ಯಾವ ಸೀಮೆಯಲ್ಲಿ, ಯಾವ ವಾರ, ಯಾವ ಪ್ರಾಣಿ ಎಂದು ರಾಜ್ಯದ ವನ್ಯಜೀವಿ ಇಲಾಖೆ ಗೊತ್ತುಮಾಡಿ ಲೈಸೆನ್ಸ್ ಕೊಡುತ್ತದೆ. ನಮ್ಮ ಕಾಯ್ದೆಯಲ್ಲೂ ಮೊದಲು ಲೈಸೆನ್ಸಿಗೆ ಜಾಗ ಇತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ತೆಗೆದದ್ದು ಸರಿ ಎಂದೇ ನನ್ನ ಖಚಿತ ಅಭಿಪ್ರಾಯ. ಸುತ್ತ ಕಬ್ಬು, ಗೋವಿನಜೋಳ, ಕಲ್ಲಿನ ಕ್ವಾರಿ. ನಡುವೆ ಉಳಿದ ಈ ಕುರುಚಲು ಗುಡ್ಡಗಳಲ್ಲಿ ಕಳೆದುಕೊಳ್ಳುವಷ್ಟು ಪ್ರಾಣಿ ನಮ್ಮ ಹತ್ತಿರ ಇಲ್ಲ.

ಆದರೂ ಗೆಳೆಯರನ್ನು ಗುಡ್ಡಕ್ಕೆ ಕರೆದೊಯ್ಯಿರಿ. ಮುಂಚಿತವಾಗಿ ಅರಣ್ಯ ಇಲಾಖೆಯ ಅನುಮತಿ ಪಡೆದು, ನಾಯಿಗಳನ್ನು ಮನೆಯಲ್ಲೇ ಬಿಟ್ಟು, ಹೊತ್ತು ಹುಟ್ಟುವ ಮುಂಚೆ ಹೊರಡಿ. ಜಾಲಿ, ಬಾರಿಕಂಟಿಗಳ ನಡುವೆ ಗಾಳಿಗೆ ಎದುರಾಗಿ ಸದ್ದಿಲ್ಲದೆ ಕುಳಿತುಕೊಳ್ಳಿ. ಧಾಮಕ್ಕೆ ಹೆಸರು ಕೊಟ್ಟ ಚಿಂಕಾರ ಎಂಬ ಹುಲ್ಲೆ, ನೀವು ಕಾಣುವ ಮೊದಲೇ ನಿಮ್ಮನ್ನು ಕಂಡಿರುತ್ತದೆ. ಮುಂಗಾಲಿನಿಂದ ನೆಲ ಕುಟ್ಟುತ್ತದೆ, ಮೂಗಿನಿಂದ ಸೀನಿದ ಹಾಗೆ ಸದ್ದು ಮಾಡುತ್ತದೆ, ತುಂಡು ಬಾಲ ಪಟಪಟ ಆಡುತ್ತಲೇ ಇರುತ್ತದೆ. ಕೋಡು ಹೆಣ್ಣಿಗೂ ಇರುತ್ತದೆ, ತೆಳ್ಳಗೆ. ನೀರು ಸಿಗದ ದಿನಗಳನ್ನು ಎಲೆಯ ತೇವ, ಇಬ್ಬನಿಯಲ್ಲೇ ಕಳೆಯಬಲ್ಲ ಜೀವ ಅದು. ಬೆನ್ನಟ್ಟಿಸಿಕೊಂಡರೆ ತುಂಬಿದ ಗಬ್ಬ ಕಳೆದುಕೊಳ್ಳುವುದೂ ಉಂಟು.

ನಾಯಿ ಬೇಡ ಎಂದದ್ದಕ್ಕೆ ವೈದ್ಯನಾಗಿ ಇನ್ನೊಂದು ಕಾರಣವಿದೆ. ಅಲ್ಲಿ ತೋಳ, ಕತ್ತೆಕಿರುಬ, ನರಿಗಳಿವೆ. ಡಿಸ್ಟೆಂಪರ್, ರೇಬಿಸ್ ಎರಡೂ ನಾಯಿಯಿಂದ ಅವಕ್ಕೂ, ಅವುಗಳಿಂದ ನಾಯಿಗೂ ದಾಟುತ್ತವೆ.

ಪ್ರಶ್ನೆ: ರಾತ್ರಿ ಕಾಡುಹಂದಿ ಬಂದು ಗೋವಿನಜೋಳ ಮಲಗಿಸಿ ಹೋಗ್ತಾವ. ಬದುವಿಗೆ ಉರುಲು ಹಾಕಲೇನು? ಕರೆಂಟ್ ಬಿಡ್ರಿ ಅಂತ ಕೆಲವರು ಹೇಳ್ತಾರ.
– ರೈತರು, ಜಮಖಂಡಿ ತಾಲೂಕು

ಉತ್ತರ: ಎರಡೂ ಬೇಡ. ಕರೆಂಟ್ ತಂತಿಗೆ ಹಂದಿ ಸಿಗುವ ಮೊದಲು ನಸುಕಿನಲ್ಲಿ ನೀರು ಹಾಯಿಸಲು ಬಂದ ಮನುಷ್ಯ ಸಿಗಬಹುದು. ಇನ್ನು ಉರುಲು. ಬೈಕಿನ ಕ್ಲಚ್ ವೈರಿನ ಉರುಲಿಗೆ ಸಿಕ್ಕ ಒಂದು ಮುಧೋಳ ನಾಯಿಗೆ ನಾನು ಹೊಲಿಗೆ ಹಾಕಿದ್ದೇನೆ. ಜಗ್ಗಿದಷ್ಟೂ ತಂತಿ ಸೊಂಟದ ಸುತ್ತ ಒಳಗಿಳಿದಿತ್ತು. ಚರ್ಮ ಮುಚ್ಚಿಕೊಂಡು ತಂತಿಯೇ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿ ಹುಡುಕಬೇಕಾಯಿತು. ಉರುಲಿಗೆ ಹಂದಿ ಯಾವುದು, ನಾಯಿ ಯಾವುದು ಗೊತ್ತಾಗುವುದಿಲ್ಲ.

ಬೆಳೆ ಹಾಳಾದ ಜಾಗವನ್ನು ಹಾಗೇ ಬಿಟ್ಟು ಫೋಟೊ ತೆಗೆಯಿರಿ. ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ, ಪರಿಹಾರ ಕೇಳುವ ಹಕ್ಕು ನಿಮ್ಮದು. ಹಂದಿ ಕಾಟ ಮಿತಿಮೀರಿದರೆ ಕ್ರಮಕ್ಕೆ ಅಪ್ಪಣೆ ಕೊಡುವ ಅಧಿಕಾರವೂ ಇಲಾಖೆಗೇ ಇದೆ. ಅದನ್ನೂ ಲಿಖಿತವಾಗಿ ಕೇಳಿ.

ಪ್ರಶ್ನೆ: ನಾವು ಹಲಗಲಿ ಬೇಡರ ವಂಶದವರು. ಬೇಟೆ ನಮ್ಮ ರಕ್ತದಾಗೇ ಐತಿ. ಬೇಟೆ ಇಲ್ಲಂದ್ರ ಈ ಮುಧೋಳ ನಾಯಿ ಯಾಕ ಸಾಕಬೇಕು?
– ಯುವಕ, ಮುಧೋಳ ತಾಲೂಕು

ಉತ್ತರ: 1857ರಲ್ಲಿ ಕೈಯೊಳಗಿನ ಆಯುಧ ಕೊಡುವುದಿಲ್ಲ ಎಂದು ನಿಮ್ಮ ಹಿರಿಯರು ಬ್ರಿಟಿಷರಿಗೆ ಎದುರು ನಿಂತು ಪ್ರಾಣ ಕೊಟ್ಟರು. ಆ ಆಯುಧ ಅವರಿಗೆ ಹೊಟ್ಟೆಪಾಡು, ಮಾನ ಎರಡೂ ಆಗಿತ್ತು. ನಿಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಇಂದು ಮೊಲದ ಮೇಲೆ ನಿಮ್ಮ ಮನೆಯ ಒಲೆ ನಿಂತಿಲ್ಲ.

ನಾಯಿಯನ್ನು ಖಂಡಿತ ಸಾಕಿ. ಇದು ವಾಸನೆಗಿಂತ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ದೂರದಲ್ಲಿ ಏನಾದರೂ ಸರಿದಾಡಿದರೆ ಸಾಕು, ಮೈಯೆಲ್ಲ ಬಿಲ್ಲಿನ ಹಾಗೆ ಬಿಗಿಯುತ್ತದೆ. ಅದಕ್ಕೆ ಬೇಕಾದದ್ದು ಓಟ. ಸುತ್ತ ಬೇಲಿಯಿರುವ ಹೊಲ ನೋಡಿ, ಬನಹಟ್ಟಿ ಸೀರೆಯ ಹರಕು ತುಂಡೊಂದನ್ನು ಉದ್ದ ಹಗ್ಗಕ್ಕೆ ಕಟ್ಟಿ, ಸೈಕಲ್ ಗಾಲಿಗೆ ಸುತ್ತಿ ಜಗ್ಗಿರಿ. ತುಂಡು ನೆಲದ ಮೇಲೆ ಹಾರುತ್ತ ಹೊರಟರೆ ನಾಯಿಗೆ ಅದೇ ಮೊಲ. ತಂಪು ಹೊತ್ತಿನಲ್ಲೇ ಓಡಿಸಿ. ಉಣಿಸಿದ ಕೂಡಲೇ ಓಡಿಸಬೇಡಿ. ಎದೆ ಆಳವಾದ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಜೀವಕ್ಕೇ ಕುತ್ತು ಬರಬಹುದು. ತಳಿ, ಲಸಿಕೆಯ ಸಂದೇಹವಿದ್ದರೆ ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿ.

ಓಟ ಮುಗಿದ ಮೇಲೆ ಆ ಸೀರೆತುಂಡನ್ನು ತಕ್ಷಣ ಕಸಿದುಕೊಳ್ಳಬೇಡಿ. ಸ್ವಲ್ಪ ಹೊತ್ತು ಅದರ ಬಾಯಲ್ಲೇ ಇರಲಿ.