ಇಡೀ ರಾತ್ರಿಯ ಆಟದಿಂದ ಎರಡು ನಿಮಿಷ

ಯಕ್ಷಗಾನದ ಇಡೀ ರಾತ್ರಿಯ ರೆಕಾರ್ಡಿಂಗ್ ಇದ್ದರೆ ಸಾಕು, ‘ಆ ಪದ್ಯದ ತುಣುಕು ಕೊಡಿ’, ‘ಬಣ್ಣದ ವೇಷದ ಒಂದು ಫೋಟೊ ತೆಗೆದುಕೊಡಿ’ ಎನ್ನುವವರಿಗೆ ಬರವಿಲ್ಲ. ಈ ಕೆಲಸ ಮಾಡುತ್ತ ಗೊತ್ತಾದದ್ದಿಷ್ಟು.

1. ಮೂಲ ಫೈಲನ್ನೇ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದದ್ದರಲ್ಲಿ ಅರ್ಧ ಸತ್ವ ಹೋಗಿರುತ್ತದೆ. ಕಳಿಸುವುದೇ ಆದರೆ ಡಾಕ್ಯುಮೆಂಟ್ ಆಗಿ ಕಳಿಸಲಿ.

2. ತುಣುಕು ಮಾಡಲು ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ. ಲಾಸ್‌ಲೆಸ್‌ಕಟ್‌ನಂಥ ತಂತ್ರಾಂಶ ಬೇಕಾದ ಭಾಗವನ್ನು ಇದ್ದ ಹಾಗೇ ನಕಲು ಮಾಡುತ್ತದೆ. ಗುಣಮಟ್ಟ ಕೆಡದು, ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಕತ್ತರಿ ನೀವು ತೋರಿಸಿದಲ್ಲೇ ಬೀಳುವುದಿಲ್ಲ. ವಿಡಿಯೊದಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು. ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ಉಳಿದ ಫ್ರೇಮುಗಳಲ್ಲಿ ಬದಲಾದಷ್ಟು ಮಾತ್ರ ದಾಖಲಾಗಿರುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ 250 ಫ್ರೇಮಿಗೊಂದು ಕೀಫ್ರೇಮ್ ಇದ್ದರೆ ನಡುವಿನ ಅಂತರ 10 ಸೆಕೆಂಡು! ಹಾಗಾಗಿ ಪದ್ಯ ಎತ್ತುವುದಕ್ಕಿಂತ ಮೊದಲಿನ ಕೀಫ್ರೇಮಿನಿಂದಲೇ ಶುರು ಮಾಡಿ. ಎರಡು ಪೆಟ್ಟು ಚೆಂಡೆ ಹೆಚ್ಚು ಕೇಳಿದರೆ ಯಾರಿಗೂ ನಷ್ಟವಿಲ್ಲ. ಕರಾರುವಾಕ್ಕಾಗಿಯೇ ಬೇಕೆಂದರೆ ಆ ತುಣುಕನ್ನು ಮಾತ್ರ ಎನ್‌ಕೋಡ್ ಮಾಡಿ.

3. ಸ್ಥಿರಚಿತ್ರಕ್ಕೆ ವಿಎಲ್‌ಸಿ ಸಾಕು. ವಿರಾಮ ಕೊಟ್ಟು ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮು ಮುಂದಕ್ಕೆ ಹೋಗುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಜೊತೆ ‘ಎಸ್’ ಒತ್ತಿದರೆ ಚಿತ್ರ ಸೇವ್ ಆಗುತ್ತದೆ. ವೇಷ ಗಿರಗಿರನೆ ಸುತ್ತುವ ಧೀಂಗಿಣದ ನಡುವೆ ಹುಡುಕಬೇಡಿ, ಅಲ್ಲಿ ಸಿಗುವುದು ಬಣ್ಣದ ಮಸುಕು ಮಾತ್ರ. ಅದನ್ನು ಸರಿಪಡಿಸುತ್ತೇವೆನ್ನುವ ತಂತ್ರಾಂಶಗಳು ಮುಖವನ್ನೇ ಬದಲಿಸಿಬಿಡುತ್ತವೆ, ನನಗಂತೂ ಬೇಡ. ಸುತ್ತು ಮುಗಿದು ಹೆಜ್ಜೆ ಊರಿ ವೇಷ ಸಭೆಯತ್ತ ತಿರುಗುವ ಗಳಿಗೆ ಇದೆಯಲ್ಲ, ಕಿರೀಟ, ಕಣ್ಣು, ಕೈ ಮೂರೂ ನಿಚ್ಚಳವಾಗಿ ಸಿಗುವುದು ಅಲ್ಲೇ. ಹಳೆಯ ಟೇಪಿನಿಂದ ಇಳಿಸಿದ್ದಾದರೆ ಅಂಚುಗಳಲ್ಲಿ ಬಾಚಣಿಗೆಯಂಥ ಗೆರೆ ಕಾಣುತ್ತದೆ. ಡಿಇಂಟರ್‌ಲೇಸ್ ಆನ್ ಮಾಡಿಕೊಳ್ಳಿ.

4. 1920×1080ರ ಒಂದು ಫ್ರೇಮು ಎಂದರೆ ಸುಮಾರು 2 ಮೆಗಾಪಿಕ್ಸೆಲ್ ಅಷ್ಟೇ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಆರೂವರೆ ಇಂಚು ಅಗಲಕ್ಕೂ ಸಾಲದು. ಸ್ಮರಣ ಸಂಚಿಕೆಯ ಮುಖಪುಟಕ್ಕೆ ಕೇಳಿದರೆ ಆಗದೆನ್ನಿ. ದೂರದಿಂದ ನೋಡುವ ಫ್ಲೆಕ್ಸ್‌ಗೆ ನಡೆಯುತ್ತದೆ.

5. ಮೇಳದವರ ಒಪ್ಪಿಗೆಯಿಲ್ಲದೆ ತುಣುಕು ಹಂಚಬೇಡಿ. ಹಂಚುವಾಗ ಪ್ರಸಂಗ, ವೇಷಧಾರಿಗಳ ಜೊತೆ ಭಾಗವತರು, ಚೆಂಡೆ-ಮದ್ದಳೆಯವರ ಹೆಸರನ್ನೂ ದಯವಿಟ್ಟು ಹಾಕಿ. ಕ್ಯಾಮೆರಾ ಅವರತ್ತ ತಿರುಗುವುದೇ ಅಪರೂಪ.